ಅಮ್ಮನಿಗೆ ಪದೇ ಪದೇ ಯೂರಿನ್ ಇನ್ಫೆಕ್ಷನ್, ಮಾತ್ರೆ ಬಿಟ್ಟ ಮೇಲೆ ಮತ್ತೆ ಉರಿ. ಕಲ್ಚರ್ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ಮಾಡಿಸಲೇಬೇಕಾ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಊರು ಹಾಸನದ ಹತ್ತಿರ. ಶುಗರ್ ಇದೆ. ಕಳೆದ ದೀಪಾವಳಿಯಿಂದ ಈಚೆಗೆ ಉರಿಮೂತ್ರ ಬಿಟ್ಟು ಬಿಟ್ಟು ಬರ್ತಾ ಇದೆ. ಒಂದಕ್ಕೆ ಹೋಗಿ ಬಂದು ಕೂತರೆ ಮತ್ತೆ ಅವಸರ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆ ಹಿಡಿದ ಹಾಗೆ ನೋವು. ಪ್ರತಿ ಸಲ ತಮ್ಮ ಪೇಟೆಗೆ ಹೋಗಿ ಮೆಡಿಕಲ್‌ನಲ್ಲಿ "ಉರಿಮೂತ್ರಕ್ಕೆ ಏನಾದ್ರೂ ಕೊಡಿ" ಅಂತ ಕೇಳಿ ತರ್ತಾನೆ. ಆ ಸ್ಟ್ರಿಪ್ ನೋಡಿದೆ. ಅರ್ಧಕ್ಕೆ ಕತ್ತರಿಸಿದ್ದಾರೆ, ಉಳಿದ ತುಂಡಿನಲ್ಲಿ "ನಾರ್ಫ್ಲಾಕ್ಸಾ" ಅನ್ನೋವರೆಗೆ ಹೆಸರಿದೆ, ಎಕ್ಸ್‌ಪೈರಿ ತಾರೀಖು ಕತ್ತರಿಸಿದ ಕಡೆ ಹೋಗಿದೆ. ಜೊತೆಗೊಂದು ಸಿರಪ್. ಎರಡು ದಿನಕ್ಕೆ ಉರಿ ಇಳಿಯುತ್ತೆ, ಅಮ್ಮ ಮಾತ್ರೆ ಬಿಡ್ತಾರೆ. ತಿಂಗಳೊಳಗೆ ಮತ್ತೆ ಅದೇ ಕಥೆ.

ಈ ಸಲ ನಾನೇ ಊರಿಗೆ ಬಂದು ಯೂರಿನ್ ಟೆಸ್ಟ್ ಮಾಡಿಸಿದೆ. ಪಸ್ ಸೆಲ್ಸ್ (ಕೀವಿನ ಕಣ) 25-30, ಎಪಿಥೀಲಿಯಲ್ ಸೆಲ್ಸ್ 8-10, ಸಕ್ಕರೆ ನಾಲ್ಕು ಪ್ಲಸ್. ಕ್ಲಿನಿಕ್‌ನಲ್ಲಿ ಬೇರೆ ಆಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ. ಕಲ್ಚರ್ ಬೇಡವಾ ಅಂತ ಕೇಳಿದ್ದಕ್ಕೆ "ಮೊದಲು ಇದು ನೋಡೋಣ" ಅಂದ್ರು. ಮಾತ್ರೆ ಇನ್ನೂ ಶುರು ಮಾಡಿಲ್ಲ. ಕಲ್ಚರ್‌ಗೆ ಕೊಡ್ಲಾ? ಇದೆಲ್ಲ ಶುಗರ್‌ನಿಂದಾನಾ? ಅಮ್ಮ ಇಂಥದ್ದನ್ನ ಬಾಯಿ ಬಿಟ್ಟು ಹೇಳೋರೇ ಅಲ್ಲ, ಅದಕ್ಕೆ ಹೆಚ್ಚು ಆತಂಕ.

ಪಡುವಣ_ಗಾಳಿ
ಕಲ್ಚರ್ ಮೊದಲು, ಮಾತ್ರೆ ಆಮೇಲೆ. ಇವತ್ತೇ ಕೊಡಿ.

ಕುಡ್ಲದಕ್ಕ
ಪಾಪ ಅಮ್ಮ. ನಮ್ಮಲ್ಲಿ ಉಷ್ಣ ಆದ್ರೆ ಮೊದಲು ಬಾರ್ಲಿ ನೀರು, ಎಳನೀರು, ಬಾಳೆದಿಂಡಿನ ಪಲ್ಯ. ಕೊತ್ತಂಬರಿ ಬೀಜ ರಾತ್ರಿ ನೆನೆಹಾಕಿ ಬೆಳಿಗ್ಗೆ ಆ ನೀರು ಕುಡಿಸಿ. ಸುಮ್ಮನೆ ಆಂಟಿಬಯಾಟಿಕ್ ನುಂಗಿಸ್ಬೇಡಿ ಮಾರಾಯ್ರೆ, ಹೊಟ್ಟೆ ಕೆಡ್ತದೆ.

ಸ್ಲೈಡು_ಸೂಕ್ಷ್ಮದರ್ಶಕ
ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೀನಿ. ನಿಮ್ಮ ರಿಪೋರ್ಟ್‌ನಲ್ಲಿ ಎಪಿಥೀಲಿಯಲ್ ಸೆಲ್ಸ್ 8-10 ಇರೋದನ್ನ ಗಮನಿಸಿ. ಅವು ಚರ್ಮದ ಕಡೆಯಿಂದ ಬಂದ ಜೀವಕೋಶಗಳು, ಅಂದ್ರೆ ಸ್ಯಾಂಪಲ್ ಸರಿಯಾಗಿ ಹಿಡಿದಿಲ್ಲ. ಆ ಪಸ್ ಸೆಲ್ಸ್‌ನಲ್ಲೂ ಸ್ವಲ್ಪ ಹೊರಗಿನದೇ ಇರಬಹುದು. ಕಲ್ಚರ್‌ಗೆ ಕೊಡೋವಾಗ ಹೀಗೆ ಮಾಡಿ.

ಬರೀ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳ್ಕೊಳ್ಳಬೇಕು. ಡೆಟಾಲ್ ಗಿಟಾಲ್ ಬೇಡ. ಶುರುವಿನ ಮೂತ್ರ ಹೊರಗೆ ಬಿಟ್ಟು, ಧಾರೆ ನಿಲ್ಲಿಸದೆ ನಡುವಿನದ್ದನ್ನ ಡಬ್ಬಿಗೆ ಹಿಡಿದು, ಕೊನೆಯದ್ದನ್ನ ಮತ್ತೆ ಹೊರಗೆ. ಡಬ್ಬಿ ಲ್ಯಾಬ್‌ನವರೇ ಕೊಡೋ ಸ್ಟೆರೈಲ್ (ಕೀಟಾಣು ಇಲ್ಲದ) ಡಬ್ಬಿ ಆಗಿರಬೇಕು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ನಮ್ಮಲ್ಲಿಗೆ ತೊಳೆದ ಕೆಮ್ಮಿನ ಸಿರಪ್ ಬಾಟಲಿಯಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತರ್ತಾರೆ. ಬೆಳಿಗ್ಗೆ ಆರಕ್ಕೆ ಹಿಡಿದಿದ್ದನ್ನ ತೀರ್ಥಹಳ್ಳಿ ಬಸ್ಸಲ್ಲಿ ಬಿಸಿಲಿಗೆ ಇಟ್ಕೊಂಡು ಹತ್ತಕ್ಕೆ ತಂದು ಕೊಡ್ತಾರೆ. ಉರಿಮೂತ್ರ ತರೋ ಮಾಮೂಲಿ ಬ್ಯಾಕ್ಟೀರಿಯಾ ಇ. ಕೋಲಿ, ಬೆಚ್ಚಗಿದ್ದರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗೋ ಜಾತಿ. ಅಂಥ ಸ್ಯಾಂಪಲ್ ಬೆಳೆಸಿದರೆ ಏನೇನೋ ಬೆಳೆಯುತ್ತೆ, ರೋಗಿಗೆ ಇಲ್ಲದ ರೋಗಕ್ಕೆ ಮಾತ್ರೆ ಹೋಗುತ್ತೆ. ಎರಡು ಗಂಟೆಯೊಳಗೆ ಲ್ಯಾಬ್ ಸೇರಿಸಿ. ಆಗಲ್ಲ ಅಂದ್ರೆ ಫ್ರಿಜ್‌ನಲ್ಲಿ (ಫ್ರೀಜರ್ ಅಲ್ಲ) ಇಟ್ಟು ಐಸ್ ಪ್ಯಾಕ್ ಜೊತೆ ತನ್ನಿ.

ಮುಖ್ಯವಾದ್ದು: ಆಂಟಿಬಯಾಟಿಕ್‌ನ ಮೊದಲ ಮಾತ್ರೆಗಿಂತ ಮುಂಚೆ ಸ್ಯಾಂಪಲ್. ಒಂದೆರಡು ಡೋಸ್ ಹೋದ ಮೇಲೆ ಕೊಟ್ಟರೆ "ನೋ ಗ್ರೋತ್" (ಏನೂ ಬೆಳೆದಿಲ್ಲ) ಅಂತ ಬರಬಹುದು, ಕೀಟಾಣು ಮಾತ್ರ ಒಳಗೆ ಉಳಿದಿರಬಹುದು. ಬ್ಯಾಕ್ಟೀರಿಯಾ ಬೆಳೆಯೋಕೆ ಒಂದು ದಿನ, ಯಾವ ಔಷಧಿಗೆ ಸಾಯುತ್ತೆ ಅಂತ ನೋಡೋಕೆ ಇನ್ನೊಂದೆರಡು ದಿನ ಬೇಕು. ಅವಸರ ಮಾಡಿದ್ರೆ ಆಗಲ್ಲ.

ತಾಲೂಕು_ವೈದ್ಯ
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಹೇಮಾವತಿಯವರೇ, ಮೊದಲು ಒಂದು ಪ್ರಶ್ನೆ. ಅಮ್ಮನಿಗೆ ಜ್ವರ, ಚಳಿ ನಡುಕ, ವಾಂತಿ, ಪಕ್ಕೆಲುಬಿನ ಕೆಳಗೆ ಬೆನ್ನಿನ ಕಡೆ ನೋವು ಇದೆಯಾ? ಇದ್ದರೆ ಈ ಚರ್ಚೆ ಇಲ್ಲಿಗೇ ಬಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ. ಅದು ಮೂತ್ರಕೋಶದ ಸೋಂಕಲ್ಲ, ಕಿಡ್ನಿಗೆ ಏರಿದ ಸೋಂಕು. ಶುಗರ್ ಇರೋರಲ್ಲಿ ಅದು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡಬಲ್ಲದು.

ಹೇಮಾವತಿ_ದಂಡೆ
ಇಲ್ಲ ಸರ್, ಜ್ವರ ಇಲ್ಲ, ಬೆನ್ನು ನೋವೂ ಇಲ್ಲ. ಉರಿ ಮತ್ತು ಪದೇ ಪದೇ ಹೋಗೋದು ಮಾತ್ರ.

ತಾಲೂಕು_ವೈದ್ಯ
ಒಳ್ಳೇದು. ಹಾಗಾದ್ರೆ ಕಲ್ಚರ್ ಬಗ್ಗೆ. ಎಲ್ಲರಿಗೂ ಬೇಡ. ಆರೋಗ್ಯವಾಗಿರೋ, ಬಸುರಿಯಲ್ಲದ 25 ವರ್ಷದ ಹೆಣ್ಣುಮಗಳಿಗೆ ಮೊದಲ ಸಲ ಉರಿಮೂತ್ರ ಬಂದು, ಬಿಳಿಸೆರಗು ತುರಿಕೆ ಇಲ್ಲದಿದ್ದರೆ, ಲಕ್ಷಣ ಕೇಳಿಯೇ ಚಿಕಿತ್ಸೆ ಕೊಡಬಹುದು. ಆದರೆ ಮರುಕಳಿಸೋರಿಗೆ, ಶುಗರ್ ಇರೋರಿಗೆ, ಬಸುರಿಯರಿಗೆ, ಮಕ್ಕಳಿಗೆ, ಗಂಡಸರಿಗೆ, ಕಿಡ್ನಿ ಕಲ್ಲು ಇರೋರಿಗೆ ಕಲ್ಚರ್ ಬೇಕು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನ ಮರುಕಳಿಸುವ ಸೋಂಕು ಅಂತಲೇ ನೋಡ್ತೀವಿ. ನಿಮ್ಮಮ್ಮನಿಗೆ ಎರಡು ಕಾರಣ ಇದೆ. ಕೊಡಿ.

ಇನ್ನು ನಾರ್ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್. ನಮ್ಮ ದೇಶದಲ್ಲಿ ಮೂತ್ರದಿಂದ ಬೆಳೆಯೋ ಇ. ಕೋಲಿಯಲ್ಲಿ ಬಹುಪಾಲು ಈ ಗುಂಪಿನ ಔಷಧಿಗೆ ಜಗ್ಗಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವರ್ಷ ವರ್ಷ ಹೊರತರೋ ವರದಿಯಲ್ಲಿ ಇದೇ ಇದೆ. ಮೇಲಾಗಿ 2016ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಾಮಾನ್ಯ ಉರಿಮೂತ್ರಕ್ಕೆ ಬೇರೆ ದಾರಿ ಇದ್ದಾಗ ಇವನ್ನ ಬಳಸಬೇಡಿ ಅಂತ ಎಚ್ಚರಿಸಿತು. ಸ್ನಾಯುರಜ್ಜು (ಸ್ನಾಯುವನ್ನ ಎಲುಬಿಗೆ ಕಟ್ಟೋ ಹುರಿ) ಹರಿಯೋದು, ನರದ ತೊಂದರೆ ಎಲ್ಲ ವರದಿಯಾಗಿವೆ, ಅರವತ್ತು ದಾಟಿದವರಲ್ಲಿ ಹೆಚ್ಚು.

ಅಂಗಡಿ_ಕೌಂಟರ್
ಮೆಡಿಕಲ್‌ನವರನ್ನ ಬೈಯೋದು ಸುಲಭ ಸಾರ್. ನಂದು ದಾವಣಗೆರೆ ಹತ್ತಿರ ಚಿಕ್ಕ ಊರಲ್ಲಿ ಅಂಗಡಿ. ಸಂಜೆ ಏಳಕ್ಕೆ ಹೆಣ್ಣುಮಗಳು ಬಂದು, ಪಕ್ಕದಲ್ಲಿ ಗಂಡಸರು ನಿಂತಿದ್ದಾರೆ ಅಂತ ಪಿಸುಮಾತಲ್ಲಿ "ಅಣ್ಣಾ ಉರಿ" ಅಂತಾಳೆ. ಡಾಕ್ಟ್ರು ಇಪ್ಪತ್ತು ಕಿಲೋಮೀಟರ್ ಆಚೆ. ಚೀಟಿ ತಗೊಂಬಾ ಅಂದ್ರೆ ಎದುರಿನ ಅಂಗಡಿಗೆ ಹೋಗ್ತಾಳೆ. ನಾನು ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಲ್ಲ, ಅದಕ್ಕೆ ಗಿರಾಕಿ ಕಳ್ಕೊಂಡಿದ್ದೀನಿ. 2014ರಿಂದ ಶೆಡ್ಯೂಲ್ ಎಚ್1 ಅಂತ ಬಂತು. ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್ ಥರದ್ದು ಕೊಟ್ಟರೆ ರೋಗಿ ಹೆಸರು, ಡಾಕ್ಟ್ರ ಹೆಸರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಎಲ್ಲರೂ ಬರೀತಾರಾ? ಅದು ಬೇರೆ ವಿಷಯ.

ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತೆ, ಅದು ಚೀಟಿ ಇಲ್ಲದೆ ಕೊಡಬಾರದು ಅನ್ನೋ ಗುರುತು. ಜನಕ್ಕೂ ಅದು ಗೊತ್ತಿರಲಿ. ಕತ್ತರಿಸೋದಾದ್ರೆ ಹೆಸರು ತಾರೀಖು ಇರೋ ಕಡೆ ಉಳಿಸಿ ಕೊಡಿ ಅಂತ ಕೇಳೋ ಹಕ್ಕು ಗಿರಾಕಿಗಿದೆ.

ಹುಬ್ಬಳ್ಳಿ_ಹೈದ
ಅಣ್ಣಾರ ನೀವು ಕೊಡಂಗಿಲ್ಲ ಖರೆ, ಆದ್ರ ಹತ್ತರಾಗ ಒಂಬತ್ತು ಅಂಗಡ್ಯಾಗ ಕೊಡ್ತಾರ. ಅದೂ ನಾಕು ಗುಳಿಗಿ. ಐದು ದಿನದ ಕೋರ್ಸ್ ಎರಡು ದಿನಕ್ಕ ಮುಗಿಸಿದ್ರ ಜಂತು ಸಾಯ್ತಾವೇನ್ರಿ?

ಅಂಗಡಿ_ಕೌಂಟರ್
ಪೂರ್ತಿ ಸ್ಟ್ರಿಪ್ ತಗೊಳ್ಳಿ ಅಂದ್ರೆ "ದುಡ್ಡು ಮಾಡ್ತೀಯಾ" ಅಂತಾರೆ ಸಾರ್. ಎರಡೂ ಕಡೆ ಇದೆ.

ಮ್ಯಾಂಚೆಸ್ಟರ್_ಮಳೆ
ಇಲ್ಲಿ ಇಂಗ್ಲೆಂಡ್‌ನಲ್ಲಿ 2024ರ ಜನವರಿಯಿಂದ "ಫಾರ್ಮಸಿ ಫಸ್ಟ್" ಅಂತ ಮಾಡಿದ್ದಾರೆ. 16ರಿಂದ 64 ವರ್ಷದ ಹೆಂಗಸರಿಗೆ ಸಾಮಾನ್ಯ ಉರಿಮೂತ್ರವಾದರೆ ಜಿಪಿ (ಮಾಮೂಲಿ ಡಾಕ್ಟರ್) ಹತ್ತಿರ ಹೋಗಬೇಕಿಲ್ಲ, ಫಾರ್ಮಸಿಸ್ಟೇ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿ ನೈಟ್ರೋಫ್ಯೂರಾಂಟಾಯಿನ್ ಅನ್ನೋ ಆಂಟಿಬಯಾಟಿಕ್ ಮೂರು ದಿನಕ್ಕೆ ಕೊಡ್ತಾರೆ. ಜ್ವರ, ಬಸುರಿ, ಪದೇ ಪದೇ ಬರೋದು ಅಂದ್ರೆ ಡಾಕ್ಟರ್ ಹತ್ತಿರ ಕಳಿಸ್ತಾರೆ. ನಮ್ಮಲ್ಲೂ ಹಾಗೆ ನಿಯಮ ಮಾಡಿ ಫಾರ್ಮಸಿಸ್ಟ್‌ಗಳಿಗೆ ತರಬೇತಿ ಕೊಟ್ಟರೆ ಆ ಪಿಸುಮಾತಿನ ಹೆಣ್ಣುಮಗಳಿಗೆ ಸರಿಯಾದ ಮಾತ್ರೆ ಸಿಗುತ್ತೆ.

ಪಡುವಣ_ಗಾಳಿ
ನಮ್ಮಲ್ಲಿ ಎಷ್ಟೋ ಕಡೆ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಗೋಡೆ ಮೇಲೆ ಇರುತ್ತೆ, ಮಾತ್ರೆ ಕೊಡೋನು ಪಿಯುಸಿ ಹುಡುಗ. ಮೊದಲು ಅದು ಸರಿಯಾಗಲಿ.

ತಾಲೂಕು_ವೈದ್ಯ
ನಿಯಮಕ್ಕಿಂತ ಮೊದಲು ಪ್ರತಿ ಪಿಎಚ್‌ಸಿಯಲ್ಲಿ ನೈಟ್ರೋಫ್ಯೂರಾಂಟಾಯಿನ್ ಖಾಲಿಯಾಗದೆ ಇರಬೇಕು ಅನ್ನೋದು ನನ್ನ ವಾದ. ಹಳೇ ಔಷಧಿ, ಅಗ್ಗ, ಈಗಲೂ ನಮ್ಮ ಇ. ಕೋಲಿ ಇದಕ್ಕೆ ಚೆನ್ನಾಗಿ ಬಗ್ಗುತ್ತೆ. ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಊಟದ ಜೊತೆ, ಐದು ದಿನ. ಇಲ್ಲವಾದರೆ ಫಾಸ್ಫೋಮೈಸಿನ್ 3 ಗ್ರಾಂ ಪುಡಿ, ಒಂದೇ ಸಲ ನೀರಲ್ಲಿ ಕಲಸಿ ಕುಡಿಯೋದು. ಆದರೆ ನೈಟ್ರೋಫ್ಯೂರಾಂಟಾಯಿನ್ ಮೂತ್ರಕೋಶದಲ್ಲಷ್ಟೇ ಕೆಲಸ ಮಾಡುತ್ತೆ. ಸೋಂಕು ಕಿಡ್ನಿಗೆ ಏರಿದ್ದರೆ ಸಾಲದು. ಕಿಡ್ನಿ ಕೆಲಸ ಬಹಳ ಕುಗ್ಗಿದ್ದರೆ, ಜಿ6ಪಿಡಿ (ಕೆಂಪು ರಕ್ತಕಣ ಕಾಯೋ ಕಿಣ್ವ) ಕೊರತೆ ಇದ್ದರೆ, ಹೆರಿಗೆ ಹತ್ತಿರ ಬಂದಿದ್ದರೆ ಕೊಡಲ್ಲ. ಆದ್ದರಿಂದ ದಯವಿಟ್ಟು ಇದನ್ನ ಓದಿ ನೀವೇ ತಗೋಬೇಡಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಔಷಧಿಯ ಬಣ್ಣ ಅದು.

ಬೆಂದಕಾಳೂರು_ಫಾರ್ಮ
ಒಂದು ಮಾತು ಸೇರಿಸ್ತೀನಿ, ಯಾರೂ ಹೇಳಲ್ಲ. ಉರಿ ಕಡಿಮೆ ಮಾಡೋಕೆ ಕೊಡೋ ಆ ಸಿಹಿ ಸಿರಪ್ ಮೂತ್ರದ ಹುಳಿ ಅಂಶ ಇಳಿಸುತ್ತೆ ಅಷ್ಟೇ, ಬ್ಯಾಕ್ಟೀರಿಯಾ ಕೊಲ್ಲಲ್ಲ. ನೈಟ್ರೋಫ್ಯೂರಾಂಟಾಯಿನ್‌ಗೆ ಹುಳಿ ಮೂತ್ರ ಬೇಕು. ಎರಡೂ ಒಟ್ಟಿಗೆ ಕೊಟ್ಟರೆ ಮಾತ್ರೆಯ ಬಲ ಕುಗ್ಗುತ್ತೆ. ಒಂದೇ ಚೀಟಿಯಲ್ಲಿ ಎರಡೂ ಬರೆದಿರೋದನ್ನ ದಿನಾ ನೋಡ್ತೀನಿ.

ಕುಡ್ಲದಕ್ಕ
ಅಂದ್ರೆ ಬಾರ್ಲಿ ನೀರೂ ಬೇಡವಾ?

ತಾಲೂಕು_ವೈದ್ಯ
ಬಾರ್ಲಿ ನೀರು ಕುಡಿಸಿ ಅಕ್ಕ, ಧಾರಾಳವಾಗಿ. ನೀರು ಹೆಚ್ಚು ಹೋದಷ್ಟೂ ಒಳ್ಳೇದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯೋ, ಪದೇ ಪದೇ ಸೋಂಕು ಬರೋ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಸಿದರು. ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿಯಿತು. ಹಾಗಾಗಿ ಅಜ್ಜಿಯರ ಮಾತಿನಲ್ಲಿ ತಡೆಯೋ ಗುಣ ಇದೆ. ಆದರೆ ಹತ್ತಿಕೊಂಡ ಸೋಂಕನ್ನ, ಅದೂ ಶುಗರ್ ಇರೋರಲ್ಲಿ, ಬಾಳೆದಿಂಡು ನಂಬಿ ವಾರ ಕಾಯಿಸೋದು ಅಪಾಯ. ಶುಗರ್ ಇರೋರಿಗೆ ಎಳನೀರು ಕೂಡ ಲೆಕ್ಕ ಇಟ್ಟು ಕೊಡಿ.

ಕ್ರ್ಯಾನ್‌ಬೆರಿ ಹಣ್ಣಿನ ಬಗ್ಗೆಯೂ ಯಾರಾದ್ರೂ ಕೇಳೇ ಕೇಳ್ತೀರಿ. 2023ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನ ಒಟ್ಟಿಗೆ ತೂಗಿ ನೋಡೋ ವರದಿ) ಪ್ರಕಾರ ಪದೇ ಪದೇ ಬರೋ ಹೆಂಗಸರಲ್ಲಿ ಅದು ಮರುಕಳಿಸೋದನ್ನ ತಗ್ಗಿಸುತ್ತೆ. ಬಂದ ಸೋಂಕಿಗೆ ಔಷಧಿಯಲ್ಲ. ಪೆಟ್ಟಿಗೆಯಲ್ಲಿ ಬರೋ ಸಕ್ಕರೆ ಜ್ಯೂಸ್ ಅಂತೂ ಬೇಡವೇ ಬೇಡ.

ಬೆಂದಕಾಳೂರು_ಫಾರ್ಮ
ಹೇಮಾವತಿಯವರೇ, ಮೂತ್ರದಲ್ಲಿ ಸಕ್ಕರೆ ನಾಲ್ಕು ಪ್ಲಸ್ ಅಂದ್ರಿ. ಅಮ್ಮನ ಶುಗರ್ ಮಾತ್ರೆ ಯಾವುದು? ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯಾ ನೋಡಿ. ಅವು ಸಕ್ಕರೆಯನ್ನ ಮೂತ್ರದ ಮೂಲಕ ಹೊರಹಾಕೋ ಮಾತ್ರೆಗಳು. ರಕ್ತದ ಶುಗರ್ ಸರಿಯಾಗಿದ್ದರೂ ಮೂತ್ರದಲ್ಲಿ ಸಕ್ಕರೆ ತೋರಿಸುತ್ತೆ.

ಹೇಮಾವತಿ_ದಂಡೆ
ಡಬ್ಬಿ ತೆಗೆದು ನೋಡಿದೆ. ಹೌದು, ಡಾಪಾಗ್ಲಿಫ್ಲೋಜಿನ್ 10 ಇದೆ! ಕಳೆದ ವರ್ಷ ಸೇರಿಸಿದ್ದು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) 7.1 ಇತ್ತು, ಅದಕ್ಕೆ ಶುಗರ್ ಹಿಡಿತದಲ್ಲಿದೆ ಅಂದುಕೊಂಡಿದ್ವಿ. ಇದೇ ಕಾರಣವಾ? ನಿಲ್ಲಿಸ್ಲಾ?

ತಾಲೂಕು_ವೈದ್ಯ
ನೀವಾಗಿ ನಿಲ್ಲಿಸಬೇಡಿ. ಹೃದಯಕ್ಕೆ, ಕಿಡ್ನಿಗೆ ಅದರಿಂದ ಲಾಭ ಇದೆ, ಯಾವ ಕಾರಣಕ್ಕೆ ಕೊಟ್ಟಿದ್ದಾರೆ ಅನ್ನೋದು ಬರೆದವರಿಗೆ ಗೊತ್ತು. ಈ ಮಾತ್ರೆಯಿಂದ ಜನನಾಂಗದ ಫಂಗಸ್ ಸೋಂಕು ಹೆಚ್ಚೋದು ಖಚಿತ. ಯೂರಿನ್ ಇನ್ಫೆಕ್ಷನ್ ಹೆಚ್ಚುತ್ತಾ ಅನ್ನೋದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಲ್ಲ, ಆದರೂ 2015ರಲ್ಲಿ ಎಫ್‌ಡಿಎ ಲೇಬಲ್‌ನಲ್ಲಿ ಎಚ್ಚರಿಕೆ ಸೇರಿಸಿತು. ಅಮ್ಮನ್ನ ಸೂಕ್ಷ್ಮವಾಗಿ ಕೇಳಿ: ಕೆಳಗೆ ತುರಿಕೆ, ಮೊಸರು ಒಡೆದಂಥ ಬಿಳಿಸೆರಗು ಇದೆಯಾ? ಫಂಗಸ್‌ನಿಂದ ಚರ್ಮ ಕೆಂಪಾಗಿದ್ದರೆ ಮೂತ್ರ ತಾಗಿದಾಗಲೂ ಉರಿಯುತ್ತೆ. ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತೆ. ಶುಗರ್ ಡಾಕ್ಟರಿಗೆ ಈ ಇತಿಹಾಸ ಪೂರ್ತಿ ಹೇಳಿ.

ಸೂಜಿದಾರ
ಯಾರೂ ಕಕ್ಕಸಿನ ಮಾತೇ ಎತ್ತಿಲ್ಲ. ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಎದ್ದು ಹೋದ್ರೆ ಲೈನ್ ನಿಲ್ಲುತ್ತೆ, ಸೂಪರ್‌ವೈಸರ್ ಬೈತಾರೆ. ಅದಕ್ಕೆ ನೀರೇ ಕುಡೀತಿರಲಿಲ್ಲ. ಬಾಟಲಿ ಮೇಜಿನ ಕೆಳಗೆ ತುಂಬಿದ ಹಾಗೇ ಇರೋದು. ಪಕ್ಕದ ಮಿಷಿನ್ ಅಕ್ಕನಿಗೂ ಉರಿ, ನನಗೂ ಉರಿ, ಮುಟ್ಟಿನ ದಿನಗಳಲ್ಲಂತೂ ಕೇಳಬೇಡಿ. ಡಾಕ್ಟ್ರು "ನೀರು ಕುಡೀರಿ" ಅಂತಾರೆ. ಕುಡಿದ ಮೇಲೆ ಹೋಗೋದೆಲ್ಲಿಗೆ ಅಂತ ಯಾರು ಹೇಳ್ತಾರೆ?

ಮಲೆನಾಡ_ಟೀಚರ್
ಸೂಜಿದಾರ ಅವರ ಮಾತು ನೂರಕ್ಕೆ ನೂರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಧೈರ್ಯವಾಗಿ ದೂರ ದೂರಕ್ಕೆ ಬಸ್ಸಲ್ಲಿ ಹೋಗ್ತಾರೆ, ಬಹಳ ಸಂತೋಷ. ಆದರೆ ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ ಚಿಲಕ ಇರಲ್ಲ, ನಲ್ಲಿ ಇರಲ್ಲ. ಟಿಕೆಟ್ ಉಚಿತ, ಮೂತ್ರಕ್ಕೆ ಐದು ರೂಪಾಯಿ, ಅದೂ ಕಾಲಿಡೋಕೆ ಆಗದ ಕಡೆ. ನಾಲ್ಕು ಗಂಟೆ ಪ್ರಯಾಣ ಅಂದ್ರೆ ಬೆಳಿಗ್ಗೆಯಿಂದ ಕಾಫಿ ಕೂಡ ಕುಡಿಯದೆ ಹೊರಡೋ ಹೆಂಗಸರನ್ನ ನಾನು ಬಲ್ಲೆ.

ಹುಬ್ಬಳ್ಳಿ_ಹೈದ
ಗಂಡಸರಿಗೂ ಬರ್ತದ್ರಿ. ನಮ್ಮ ಅಪ್ಪಾರಿಗೆ ಎಪ್ಪತ್ತು. ಜ್ವರ ಬಂದು ಬಂದು ಹೋಗ್ತಿತ್ತು, ಟೈಫಾಯ್ಡ್ ಅಂತ ಹೇಳಿ ಸಲೈನ್ ಏರಿಸಿದ್ರು. ಕಡೀಕ ಸ್ಕ್ಯಾನ್ ಮಾಡಿಸಿದ್ರ ಪ್ರಾಸ್ಟೇಟ್ ದಪ್ಪ ಆಗಿತ್ತು, ಮೂತ್ರ ಮಾಡಿ ಬಂದ ಮ್ಯಾಲೂ ಒಳಗ ಒಂದು ಲೋಟದಷ್ಟು ಉಳೀತಿತ್ತು. ನಿಂತ ನೀರಾಗ ಜಂತು ಬೆಳೀತಾವ ಅಂತ ಯುರಾಲಜಿ ಡಾಕ್ಟ್ರು ಹೇಳಿದ್ರು. ಪ್ರಾಸ್ಟೇಟಿಗೆ ಗುಳಿಗಿ ಶುರು ಮಾಡಿದ ಮ್ಯಾಲೆ ಆರಾಮ ಅದಾರ.

ತಾಲೂಕು_ವೈದ್ಯ
ಹೌದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದ್ದು 20ರ ಹತ್ತಿರ. ಅಷ್ಟು ಉದ್ದ ದಾಟಿ ಸೋಂಕು ಬಂದಿದೆ ಅಂದ್ರೆ ಒಳಗೆ ಏನೋ ಅಡ್ಡಿ ಇದೆಯಾ ಅಂತ ಹುಡುಕಲೇಬೇಕು.

ಕಲಬುರಗಿ_ಬಿಸಿಲು
ನಮ್ಮ ಸಣ್ಣವ್ವಂದು ಬ್ಯಾರೆ ಕಥಿ. ಪಸ್ ಸೆಲ್ಸ್ ತುಂಬಿ ತುಳುಕ್ತಿದ್ವು, ಕಲ್ಚರ್ ಮಾಡಿದಾಗೆಲ್ಲ "ನೋ ಗ್ರೋತ್". ಆಂಟಿಬಯಾಟಿಕ್ ಬದಲಿಸಿ ಬದಲಿಸಿ ಕೊಟ್ರು. ಮೈ ಇಳೀತು, ಸಂಜಿ ಜ್ವರ. ಆಮ್ಯಾಲ ಒಬ್ಬ ಡಾಕ್ಟ್ರು ಮೂತ್ರದಾಗ ಟಿಬಿ ಟೆಸ್ಟ್ ಬರದ್ರು. ಕಿಡ್ನಿ ಟಿಬಿ. ಸರ್ಕಾರಿ ದವಾಖಾನ್ಯಾಗ ಔಷಧ ಪುಕ್ಕಟೆ ಕೊಟ್ರು, ಈಗ ಗಟ್ಟಿಯಾಗ್ಯಾಳ.

ಸ್ಲೈಡು_ಸೂಕ್ಷ್ಮದರ್ಶಕ
ಇದನ್ನ ಎಲ್ಲರೂ ಓದಬೇಕು. ಪಸ್ ಇದೆ, ಬೆಳವಣಿಗೆ ಇಲ್ಲ ಅಂದ್ರೆ ಟಿಬಿ, ಕಲ್ಲು, ಲೈಂಗಿಕವಾಗಿ ಹರಡೋ ಸೋಂಕು, ಇಲ್ಲವೇ ಮೊದಲೇ ನುಂಗಿದ ಆಂಟಿಬಯಾಟಿಕ್. ಟಿಬಿ ಕೀಟಾಣು ನಮ್ಮ ಮಾಮೂಲಿ ಪ್ಲೇಟಿನ ಮೇಲೆ ಬೆಳೆಯೋದೇ ಇಲ್ಲ.

ಪಡುವಣ_ಗಾಳಿ
ನನ್ನ ಅಜ್ಜಿಗೆ 84. ಹೆಲ್ತ್ ಚೆಕಪ್‌ನಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಅಂತ ಬಂತು. ಉರಿ ಇಲ್ಲ, ಜ್ವರ ಇಲ್ಲ. ಅವರಿಗೂ ಕೋರ್ಸ್ ಬೇಕಾ?

ತಾಲೂಕು_ವೈದ್ಯ
ಲಕ್ಷಣ ಇಲ್ಲದಿದ್ದರೆ ಬೇಡ. ವಯಸ್ಸಾದವರಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ಇರೋದು ಬಹಳ ಸಾಮಾನ್ಯ, ಬಹಳ ದಿನ ಕ್ಯಾತಿಟರ್ (ಮೂತ್ರದ ಟ್ಯೂಬ್) ಹಾಕಿರೋರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತೆ. ರಿಪೋರ್ಟಿಗೆ ಚಿಕಿತ್ಸೆ ಕೊಡಬಾರದು. ಬಸುರಿಯರು ಇದಕ್ಕೆ ಹೊರತು: ಅವರಿಗೆ ಉರಿ ಇಲ್ಲದಿದ್ದರೂ ಮೊದಲ ತಿಂಗಳುಗಳಲ್ಲೇ ಕಲ್ಚರ್ ಮಾಡಿಸಿ, ಇದ್ದರೆ ಗುಣಪಡಿಸಬೇಕು. ಬಿಟ್ಟರೆ ಕಿಡ್ನಿ ಸೋಂಕಾಗಿ ತಾಯಿ ಮಗು ಇಬ್ಬರಿಗೂ ತೊಂದರೆ.

ಹೇಮಾವತಿ_ದಂಡೆ
ಕಲ್ಚರ್ ಬಂತು. ಇ. ಕೋಲಿ, ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು. ನಾರ್ಫ್ಲಾಕ್ಸಾಸಿನ್, ಸಿಪ್ರೋ, ಸೆಫಿಕ್ಸಿಮ್ ಎಲ್ಲದರ ಎದುರು ಆರ್ (ಜಗ್ಗಲ್ಲ). ನೈಟ್ರೋಫ್ಯೂರಾಂಟಾಯಿನ್, ಫಾಸ್ಫೋಮೈಸಿನ್, ಅಮಿಕಾಸಿನ್ ಎದುರು ಎಸ್ (ಬಗ್ಗುತ್ತೆ). ಮೊದಲು ಬರೆದುಕೊಟ್ಟಿದ್ದು ಸೆಫಿಕ್ಸಿಮ್! ಬೇರೆ ಡಾಕ್ಟರಿಗೆ ತೋರಿಸಿದ್ವಿ. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ನೋಡಿ ಸರಿಯಿದೆ ಅಂತ ನೈಟ್ರೋಫ್ಯೂರಾಂಟಾಯಿನ್ ಕೊಟ್ಟಿದ್ದಾರೆ, ಸಿರಪ್ ನಿಲ್ಲಿಸಿದ್ದಾರೆ. ಶುಗರ್ ಮಾತ್ರೆ ಬದಲಿಸೋ ಬಗ್ಗೆ ಅವರ ಶುಗರ್ ಡಾಕ್ಟರ್ ಜೊತೆ ಮಾತಾಡ್ತಾರಂತೆ. ಇನ್ನೊಂದು, ಮುಟ್ಟು ನಿಂತವರಿಗೆ ಹಚ್ಚೋ ಯಾವುದೋ ಹಾರ್ಮೋನ್ ಕ್ರೀಮ್ ಬಗ್ಗೆ ಹೇಳಿದ್ರು. ಅಮ್ಮ ಒಪ್ತಾ ಇಲ್ಲ.

ಮೈಸೂರ್_ನರ್ಸಕ್ಕ
ಒಪ್ಪಿಸಿ ಪುಟ್ಟಾ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಅಲ್ಲಿನ ಚರ್ಮ ತೆಳ್ಳಗಾಗುತ್ತೆ, ಕಾಯೋ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತೆ, ಅದಕ್ಕೆ ಈ ವಯಸ್ಸಲ್ಲಿ ಮತ್ತೆ ಮತ್ತೆ ಬರೋದು. ಕ್ರೀಮ್ ಒಳಗೆ ಹಚ್ಚಿದರೆ ಮರುಕಳಿಸೋದು ಕಡಿಮೆಯಾಗುತ್ತೆ ಅನ್ನೋದಕ್ಕೆ ಒಳ್ಳೆ ಆಧಾರ ಇದೆ. ಅಮ್ಮಂದಿರು ಮಗಳ ಹತ್ತಿರ ನಾಚಿಕೊಳ್ತಾರೆ, ಹೆಣ್ಣು ಡಾಕ್ಟರ್ ಹತ್ತಿರ ಒಬ್ಬರನ್ನೇ ಬಿಟ್ಟು ನೀವು ಹೊರಗೆ ಕೂತ್ಕೊಳ್ಳಿ. ಹತ್ತು ನಿಮಿಷದಲ್ಲಿ ಎಲ್ಲ ಹೇಳ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲೇ ತಿಳಿಸಬೇಕು.

ಎರಡು_ಜಡೆ
ನನ್ನ ಮಗಳಿಗೆ ಏಳು ವರ್ಷ. ಶಾಲೆಯಲ್ಲಿ ಹೋಗೋದೇ ಇಲ್ಲ, ಮನೆಗೆ ಬಂದು ಬ್ಯಾಗ್ ಬಿಸಾಕಿ ಓಡ್ತಾಳೆ. ಈಗ ಉರಿ ಅಂತಾಳೆ. ಜ್ವರ ಇಲ್ಲ.

ಮಲೆನಾಡ_ಟೀಚರ್
ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ನಮ್ಮ ಶಾಲೆಯಲ್ಲಿ ಹುಡುಗಿಯರು ಹೋಗದೆ ಇರೋದಕ್ಕೆ ಕಾರಣ ಕೇಳಿದಾಗ ಚಿಲಕ ಕೆಟ್ಟಿದೆ ಅಂದ್ರು. ಎಸ್‌ಡಿಎಂಸಿ (ಶಾಲಾ ಉಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿದ ಮೇಲೆ ಚಿಲಕ, ಬಕೆಟ್, ಮಗ್ ಬಂತು. ಈಗ ಬೆಲ್ಲಿಗೆ ಕಾಯಿಸದೆ ಕೇಳಿದಾಗ ಬಿಡ್ತೀನಿ.

ತಾಲೂಕು_ವೈದ್ಯ
ಮಲಬದ್ಧತೆ ಇದೆಯಾ ನೋಡಿ, ಮಕ್ಕಳಲ್ಲಿ ಅದೂ ದೊಡ್ಡ ಕಾರಣ. ಕಲ್ಚರ್ ಮಾಡಿಸಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಜ್ವರ ಬಂದರೆ ಅದೇ ದಿನ ಕರ್ಕೊಂಡು ಹೋಗಿ.

ಎರಡು_ಜಡೆ
ಸರಿ ಸರ್. ಸ್ಯಾಂಪಲ್ ಹಿಡಿಯೋಕೆ ಅವಳು ಬಿಡ್ತಾಳಾ ಅನ್ನೋದೇ ಚಿಂತೆ. ಡಬ್ಬಿ ಬಾಯಿ ಚಿಕ್ಕದು.

ಸ್ಲೈಡು_ಸೂಕ್ಷ್ಮದರ್ಶಕ
ಅಗಲ ಬಾಯಿಯ ಡಬ್ಬಿ ಕೇಳಿ, ಕೊಡ್ತಾರೆ. ಕಾಲು ಅಗಲಿಸಿ ಕೂರಿಸಿ, ಧಾರೆ ಶುರುವಾದ ಮೇಲೆ ನೀವೇ ಡಬ್ಬಿ ಅಡ್ಡ ಹಿಡಿಯಿರಿ. ತಳದಲ್ಲಿ ಎರಡು ಬೆರಳಷ್ಟು ಸಿಕ್ಕರೆ ಸಾಕು. ನಾಳೆ ಭಾನುವಾರ, ಎಷ್ಟೋ ಲ್ಯಾಬ್‌ಗಳು ಕಲ್ಚರ್ ತಗೊಳ್ಳಲ್ಲ, ಮೊದಲು ಫೋನ್ ಮಾಡಿ ಹೋಗಿ.